ಎಡಗಡೆಯ ಗಂಟು

ಮರೆತ ಶಾಲು ತರಲು ತಿಂಡಿಯ ನಡುವೆ ಎದ್ದು ಬಂದ ಬಹುಮಾನದಮ್ಮ ಹೋಟೆಲ್ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಸೂಟ್‌ಕೇಸು ಬಾಯ್ತೆರೆದು ಬಿದ್ದಿತ್ತು. ಬಹುಮಾನ ಗೆದ್ದ ಕೌದಿ ಕೋಣೆಯ ಜೊತೆಗಾತಿಯ ಕೈಯಲ್ಲಿತ್ತು. ಆಕೆ ಅದನ್ನು ಮುಖಕ್ಕೆ ಒತ್ತಿ ಹಿಡಿದು ಮೂಸುತ್ತಿದ್ದಳು.

“ಸುಮ್ನೆ ನೋಡ್ತಿದ್ದೆ,” ಎಂದು ಆಕೆ ಗಡಿಬಿಡಿಯಲ್ಲಿ ಕೌದಿ ಮಡಚಿದಳು.

ಸಿಕ್ಕಿಬಿದ್ದವರು ಗಾಬರಿಯಾಗುವುದು ಸಹಜ. ಆದರೆ ಬಹುಮಾನದಮ್ಮ ಅದಕ್ಕಿಂತ ಹೆಚ್ಚು ಗಾಬರಿಯಾಗಿದ್ದಳು. ಏಕೆಂದರೆ ನಿಜವಾದ ಕಳ್ಳಿ ಅವಳೇ.

ಆ ಕೌದಿಯಲ್ಲಿ ಅವಳು ಹಾಕಿದ ಹೊಲಿಗೆ ಒಂದೂ ಇರಲಿಲ್ಲ. ಕಳಚಿದ ಗುಂಡಿ ಹಚ್ಚುವುದರಾಚೆ ಅವಳಿಗೆ ಹೊಲಿಗೆ ಬರುತ್ತಲೂ ಇರಲಿಲ್ಲ. ಹಳೆಯ ಬಟ್ಟೆಗಳ ಇನ್ನೂರು ತುಂಡು ಕೂಡಿಸಿ ಹೊಲಿದವಳು ಸೊಸೆ. ಮಗ ತಾನೇ ಮೆಚ್ಚಿ ಮದುವೆಯಾಗಿ ತಂದ ಹುಡುಗಿ. ಮಾತು ಕಡಿಮೆ, ತವರಿನ ಸುದ್ದಿಯಂತೂ ಎತ್ತುವವಳೇ ಅಲ್ಲ. ಅತ್ತೆಗೆ ಅದೂ ಒಂದು ಅನುಕೂಲವೇ ಆಗಿತ್ತು. ಸ್ಪರ್ಧೆಯ ಮಾತು ಬಂದಾಗ, “ನಿಮ್ಮ ಹೆಸರಲ್ಲೇ ಕಳ್ಸಿ ಅತ್ತೆ, ನನ್ನ ಹೆಸರು ಎಲ್ಲೂ ಬರೋದು ಬೇಡ,” ಎಂದಿದ್ದಳು. ಯಾಕೆ ಎಂದು ಅತ್ತೆ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಹೆದರಿಕೆ.

ಮೊದಲ ಬಹುಮಾನವೇ ಬಂತು. ಬಟ್ಟೆ, ಕೌದಿ, ಕಸೂತಿ ಎಂದರೆ ಪ್ರಾಣ ಬಿಡುವವರ ಜೊತೆ ಹನ್ನೊಂದು ದಿನದ ಹೊರದೇಶ ಪ್ರವಾಸ. ಪತ್ರಿಕೆಯಲ್ಲಿ ಕೌದಿ ಹಿಡಿದು ನಿಂತ ಅವಳ ಫೋಟೋ ಬಂತು, ಮೂಲೆಮೂಲೆಯೂ ಕಾಣುವಷ್ಟು ದೊಡ್ಡದು. ಬಸ್ಸು ಹತ್ತಿದ ದಿನವೇ ಅವಳಿಗೆ ಬಹುಮಾನದಮ್ಮ ಎಂಬ ಹೆಸರು ಬಿತ್ತು.

ಜೊತೆಗಾತಿಗೂ ಒಂದು ಹೆಸರು ಬಿದ್ದಿತ್ತು: ಭೂತಗನ್ನಡಿ. ಕೊನೆ ಗಳಿಗೆಯಲ್ಲಿ ಪ್ರವಾಸಕ್ಕೆ ಸೇರಿ, ಗೈಡ್ ಹುಡುಗಿಯನ್ನು ಕಾಡಿ ಬೇಡಿ ಇದೇ ಕೋಣೆ ಪಡೆದವಳು. ಮ್ಯೂಸಿಯಮ್ಮುಗಳಲ್ಲಿ ಉಳಿದವರು ಗಾಜಿನೊಳಗಿನ ಪರದೆಗಳನ್ನು ನೋಡಿ ಬಾಯಿ ಬಿಡುತ್ತಿದ್ದರೆ, ಈಕೆಯ ಕಣ್ಣು ಬಹುಮಾನದಮ್ಮನ ಕೈಬೆರಳುಗಳ ಮೇಲೆ. ಸ್ಪರ್ಧೆಯವರೇ ಕಳಿಸಿದ ಗೂಢಚಾರಿಣಿ ಇರಬೇಕು ಎಂದು ಮೂರನೆಯ ದಿನವೇ ಬಹುಮಾನದಮ್ಮನಿಗೆ ಖಾತ್ರಿಯಾಗಿತ್ತು.

ಬಸ್ಸಿನಲ್ಲಿ ಆಕೆ ಕೇಳಿದ್ದಳು: “ನಿಮ್ಮ ಕೌದೀಲಿ ದಾರದ ಗಂಟೆಲ್ಲ ಎಡಗಡೆ ಇದೆ. ಎಡಗೈಯವರು ಮಾತ್ರ ಎಡದಿಂದ ಹೊಲಿಗೆ ಶುರು ಮಾಡ್ತಾರೆ. ನೀವು ಊಟ ಮಾಡೋದು, ಸಹಿ ಹಾಕೋದು ಎಲ್ಲ ಬಲಗೈಲಿ, ಅಲ್ವಾ?”

“ಹೊಲಿಗೆಗೆ ಮಾತ್ರ ಎಡಗೈ,” ಎಂದು ತಕ್ಷಣ ಹೊಳೆದ ಸುಳ್ಳು ಬಿಟ್ಟಿದ್ದಳು.

“ಚಿಕ್ಕಂದಿನಲ್ಲಿ ಎಡಗೈಯವರಿಗೆ ಏಟು ಬೀಳುತ್ತೆ. ನಿಮಗೆ ಯಾರೂ ಹೊಡೀಲಿಲ್ವಾ?”

“ಇಲ್ಲಪ್ಪ.”

“ಪುಣ್ಯ ಮಾಡಿದ್ರಿ.” ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮತ್ತೆ ತಟ್ಟನೆ ತಿರುಗಿ, “ಆ ಮೂಲೇಲಿರೋ ಹಳದಿ ಹೂವಿನ ತುಂಡು ಯಾಕೆ ಒಳಮೈ ಹೊರಗಾಗಿದೆ?”

ಅದನ್ನು ಬಿಚ್ಚಿ ಸರಿಪಡಿಸು ಎಂದು ಬಹುಮಾನದಮ್ಮನೂ ಸೊಸೆಗೆ ಹೇಳಿದ್ದಳು. ‘ಇರಲಿ ಬಿಡಿ ಅತ್ತೆ’ ಎಂದಷ್ಟೇ ಅಂದು ಸೊಸೆ ಸೂಜಿಗೆ ದಾರ ಪೋಣಿಸಿದ್ದಳು.

“ಅದೂ ಒಂದು ಕಲೆ ಕಣ್ರೀ,” ಎಂದು ಹೇಳಿ ಬಹುಮಾನದಮ್ಮ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದಳು.

ಅಂದಿನಿಂದ ಅವಳಿಗೆ ನಿದ್ದೆ ಎಂಬುದೇ ದೂರವಾಗಿತ್ತು. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕರವಸ್ತ್ರದ ಮೇಲೆ ಎಡಗೈಯಲ್ಲಿ ಹೊಲಿದು ನೋಡುವಳು. ಬೆರಳೆಲ್ಲ ತೂತಾಯಿತೇ ಹೊರತು ಒಂದು ಗೆರೆ ನೆಟ್ಟಗೆ ಬರಲಿಲ್ಲ. ಕೊನೆಯ ದಿನ ಏನಿದೆ ಎಂದು ಅವಳಿಗೆ ಗೊತ್ತಿತ್ತು. ದೊಡ್ಡ ಪ್ರದರ್ಶನದ ಹಾಲ್‌ನಲ್ಲಿ, ತಂಡದವರೆಲ್ಲ ಸೇರಿ ಹೊಲಿಯುವ ಕೌದಿಗೆ ಮೊದಲ ಸಾಲು ಹಾಕಬೇಕಾದವಳು ಅವಳೇ.

ಆ ಕೊನೆಯ ದಿನ ಇಂದೇ ಆಗಿತ್ತು.

ಹಾಲ್‌ನಲ್ಲಿ ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿತ್ತು. ಪಕ್ಕದ ಗೋಡೆಗೆ ಬಹುಮಾನದ ಕೌದಿ ತೂಗುಬಿಟ್ಟಿದ್ದರು. ಗೈಡ್ ಹುಡುಗಿ ದಾರ ಪೋಣಿಸಿದ ಸೂಜಿ ಕೊಟ್ಟು, “ಶುರು ಮಾಡಿ, ಬಹುಮಾನದಮ್ಮ!” ಎಂದಳು. ಚಪ್ಪಾಳೆ ಬಿತ್ತು. ಮೇಜಿನ ಆ ಬದಿಯಲ್ಲಿ ಭೂತಗನ್ನಡಿ, ರೆಪ್ಪೆ ಬಡಿಯದೆ ನಿಂತಿದ್ದಳು.

ಬಹುಮಾನದಮ್ಮ ಸೂಜಿಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಳು. ಕಿಟಕಿಯ ಬಳಿ ಬೆನ್ನು ಬಾಗಿಸಿ ತಿಂಗಳುಗಟ್ಟಲೆ ಕೂತಿದ್ದ ಸೊಸೆ ನೆನಪಾದಳು. ತಾನು ಒಂದು ದಿನವೂ ‘ಚೆನ್ನಾಗಿದೆ ಕಣೇ’ ಎನ್ನಲಿಲ್ಲವಲ್ಲ ಎಂಬುದೂ ನೆನಪಾಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು. ಸೂಜಿ ಕೆಳಗಿಟ್ಟಳು.

“ಆ ಕೌದಿ ನಾನು ಹೊಲಿದದ್ದಲ್ಲ. ನನ್ನ ಸೊಸೆ ಹೊಲಿದದ್ದು. ನನ್ನನ್ನ ಏನ್ ಬೇಕಾದ್ರೂ ಅನ್ನಿ.”

ಗೈಡ್ ಹುಡುಗಿಯ ಚಪ್ಪಾಳೆ ಅರ್ಧಕ್ಕೇ ನಿಂತಿತು.

“ಗೊತ್ತು,” ಎಂದಳು ಭೂತಗನ್ನಡಿ. “ಪತ್ರಿಕೇಲಿ ಫೋಟೋ ನೋಡಿದಾಗಲೇ ನೀವಲ್ಲ ಅಂತ ಗೊತ್ತಾಗಿತ್ತು.”

“ಗೊತ್ತಿದ್ದೂ ಇಷ್ಟು ದಿನ ನನ್ನ ಜೀವ ಯಾಕೆ ತಿಂದ್ರಿ?”

ಆಕೆ ಮೇಜನ್ನು ಬಳಸಿ ಬಂದಳು. ಚೀಲದಿಂದ ಪುಟ್ಟದೊಂದು ಕೌದಿ ತೆಗೆದು ಬಿಡಿಸಿದಳು. ಒಗೆದು ಒಗೆದು ಸವೆದಿತ್ತು, ಕೂಸಿಗೆ ಹೊದಿಸುವಷ್ಟೇ ಅಗಲ. ಗಂಟುಗಳೆಲ್ಲ ಬಲಗಡೆ. ಮೂಲೆಯಲ್ಲಿ ಮಾತ್ರ ಅದೇ ಹಳದಿ ಹೂವಿನ ತುಂಡು, ಒಳಮೈ ಹೊರಗಾಗಿ.

“ಎಡಗೈಲಿ ಹೊಲೀಬೇಡ ಅಂತ ಆ ಕೈಗೆ ಎಷ್ಟು ಹೊಡೆದೆನೋ, ಈಗ ಯಾವ ಮುಖ ಇಟ್ಕೊಂಡು ಕೇಳಲಿ,” ಎಂದು ಆಕೆ ಆ ಪುಟ್ಟ ಕೌದಿಯನ್ನು ಮುಂದೆ ಹಿಡಿದಳು. “ಬೀಗರೇ, ನನ್ನ ಮಗಳು ಚೆನ್ನಾಗಿದ್ದಾಳಾ?”