ಅಡೆನೋಫೈಮಾ ಬಂದ ಮನೆ

"ಇಲ್ಲಿ ಗ್ರಂಥಿ ಊದಿದೆ ಡಾಕ್ಟ್ರೇ," ಎಂದು ಬೀಗ ರಿಪೇರಿಯವನು ಬಲದವಡೆಯ ಕೆಳಗಿದ್ದ ನಿಂಬೆಹಣ್ಣಿನಷ್ಟು ಗಂಟನ್ನು ತೋರಿಸಿದ. ಡಾಕ್ಟರು ಒತ್ತಿ ನೋಡಿ, ಕನ್ನಡಕ ತೆಗೆದು, "ಅಡೆನೋಫೈಮಾ," ಎಂದರು. "ಯಾಕೆ ಬಂತು ಅಂತ ಪರೀಕ್ಷೆ ಮಾಡೋಣ. ಸೋಮವಾರ ಬನ್ನಿ."

ಹೆಂಡತಿ ಆ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿ, ಒಂದಕ್ಷರ ಚೆಲ್ಲದೆ ಮನೆ ಮುಟ್ಟಿಸಿದಳು. ನಿನ್ನೆಯವರೆಗೂ ಅದು ಬರೀ ಬಾವು. "ಉಪ್ಪುನೀರು ಮುಕ್ಕಳಿಸಿ, ಹೋಗುತ್ತೆ" ಎಂದು ಅವಳು ತಿರುಗಿಯೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಮಾತಿನ ಹೆಸರಿದ್ದರೆ ರೋಗವೂ ರೋಗವಲ್ಲ. ಈಗ ಫ್ಯಾನಿನ ಕೆಳಗಿನ ಮಂಚ ಅವನದಾಯಿತು. ಅರ್ಥ ಯಾರಿಗೂ ಗೊತ್ತಿರದ ಕಾರಣ ಒಬ್ಬೊಬ್ಬರು ಒಂದೊಂದು ಹಚ್ಚಿದರು: ನಾದಿನಿಗೆ ಅದು ರಕ್ತದ ಕಾಯಿಲೆ, ಎದುರುಮನೆಯವರಿಗೆ ಲಕ್ಷಕ್ಕೊಬ್ಬರಿಗೆ ಬರುವಂಥದ್ದು.

ಕೊನೆಗೆ ಅಣ್ಣನೂ ಬಂದ. ಆ ಮನೆತನದಲ್ಲಿ ರೋಗವೆಂದರೆ ಅಣ್ಣನ ಸ್ವತ್ತು. ಎದೆಯ ಆಪರೇಷನ್ ಆದಂದಿನಿಂದ ಯಾರ ಮನೆಗೆ ಹೋದರೂ ಮೊದಲ ಕುರ್ಚಿ ಅವನದೇ. ಕೈಯೆಲ್ಲ ಗ್ರೀಸು ಮೆತ್ತಿಕೊಂಡ ತಮ್ಮನ ಮನೆಗೆ ಮಾತ್ರ ಅವನು ಕಾಲಿಟ್ಟು ವರ್ಷಗಳಾಗಿದ್ದವು.

"ನಂದೇನು ಬಿಡೋ, ಹಾರ್ಟು. ಬೀದಿಗೊಬ್ಬರಿಗಿದೆ," ಎಂದು ಅಣ್ಣ ಸೋಲೊಪ್ಪಿಕೊಂಡು, ತಮ್ಮನ ಕೈ ಹಿಡಿದ. "ನಿನ್ನ ಬಿಟ್ರೆ ನಂಗ್ಯಾರೋ ಇದಾರೆ?"

ಈ ಮಾತಿಗಾಗಿ ಬೀಗದವನು ಅರ್ಧ ಆಯುಷ್ಯ ಕಾದಿದ್ದ.

ಸೋಮವಾರ ಅಣ್ಣನೇ ಕರೆದುಕೊಂಡು ಹೋದ. ಬೀಗದವನೊಬ್ಬನೇ ಒಳಗೆ ಹೋದಾಗ ಡಾಕ್ಟರು, "ಹುಳುಕು ಹಲ್ಲು. ಇವತ್ತೇ ಕೀಳಿಸಿ. ಬಿಟ್ರೆ ಕೀವು ರಕ್ತಕ್ಕೆ ಸೇರುತ್ತೆ, ಜೀವಕ್ಕೇ ಅಪಾಯ," ಎಂದರು.

"ಮತ್ತೆ ಅಡೆನೋಫೈಮಾ?"

"ಗ್ರಂಥಿ ಊದಿದೆ ಅಂತ ಅದರರ್ಥ."

"ಬಂದ ದಿನ ನಾನೂ ಅದನ್ನೇ ಹೇಳಿದ್ನಲ್ಲ ಸ್ವಾಮಿ?"

"ನೀವು ಹೇಳಿದ್ರಿ. ನಾನು ಕಂಡುಹಿಡಿದೆ," ಎಂದು ಡಾಕ್ಟರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಹೊರಗೆ ಅಣ್ಣ ಪಕ್ಕದ ಕುರ್ಚಿಯನ್ನು ತನ್ನ ಕರವಸ್ತ್ರದಿಂದಲೇ ಒರೆಸಿ ಕಾಯುತ್ತಿದ್ದ. "ಏನಂದ್ರೋ?"

ಬೀಗದವನು ಆ ಕುರ್ಚಿಯನ್ನು ನೋಡಿದ. ಹುಳುಕು ಹಲ್ಲಿನವನನ್ನು ನೋಡಲು ಯಾವ ಅಣ್ಣ ಬರುತ್ತಾನೆ?

"ಇನ್ನೂ ಗೊತ್ತಾಗಿಲ್ವಂತೆ," ಎಂದು ಕೂತ. ಅಣ್ಣ ಬಿಸ್ಕತ್ತು ಬಿಚ್ಚಿ ಕೊಟ್ಟ. ಬೀಗದವನು ಅದನ್ನು ಜೋಪಾನವಾಗಿ ಎಡಗಡೆಯ ಹಲ್ಲಿನಲ್ಲಿ ಅಗಿಯತೊಡಗಿದ.