ಕಾರ್ನೇಷನ್ ಬಂದ ಭಾನುವಾರ

ಬಣ್ಣದ ಕೋಣೆಯ ಬಾಗಿಲು ತೆಗೆದ ಎವಾರಿಸ್ತ್ ಹೊಸ್ತಿಲಲ್ಲೇ ನಿಂತ. ಕನ್ನಡಿಯ ಕೆಳಗೆ, ಪೌಡರ್ ಡಬ್ಬದ ಪಕ್ಕದಲ್ಲಿ, ಒಂದು ಕಟ್ಟು ಕೆಂಪು ಕಾರ್ನೇಷನ್ ಹೂವು ನೀರಿನ ಲೋಟದಲ್ಲಿತ್ತು.

ಉಡುಪು ತೊಡಿಸುವ ಸೊಲಾಂಜ್ ಕೈಲಿದ್ದ ಕೋಟನ್ನು ಎದೆಗೆ ಅವಚಿಕೊಂಡಳು. "ಮುಟ್ಟಬೇಡಿ ಮೆಸ್ಯೂ! ಯಾವ ಪಾಪಿ ತಂದಿಟ್ಟ ಇದನ್ನ?"

ಹಿಂದೆಲ್ಲ ನಾಟಕಶಾಲೆಯ ಯಜಮಾನ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮುಂದಿನ ವರ್ಷಕ್ಕೂ ಬೇಕಾದ ನಟರ ಕೋಣೆಗೆ ಗುಲಾಬಿ ಕಳಿಸುತ್ತಿದ್ದ, ಬೇಡವಾದವರ ಕೋಣೆಗೆ ಕಾರ್ನೇಷನ್. ಆ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಲಿಲ್ ಊರಿನ ಈ ನಾಟಕಶಾಲೆಯೊಳಕ್ಕೆ ಆ ಹೂವನ್ನು ಯಾರೂ ತರುತ್ತಿರಲಿಲ್ಲ.

ಎವಾರಿಸ್ತ್ ಕುರ್ಚಿಯಲ್ಲಿ ಕುಳಿತು ಹೂವಿನ ಜೊತೆಗಿದ್ದ ಚೀಟಿ ಓದಿದ. 'ಧನ್ಯವಾದ. ತಿಬೋ.' ಸಿನಿಮಾದಿಂದ ಈ ವರ್ಷವಷ್ಟೇ ಬಂದ ಹೊಸ ನಿರ್ದೇಶಕ. "ಮುಗೀತು ಬಿಡು," ಅಂದ ಎವಾರಿಸ್ತ್.

ನಲವತ್ತಾರು ವರ್ಷದ ನಟನೆ. ಇದೇ ರಂಗದ ಮೇಲೆ ಪ್ರೇಮಿಯಾಗಿದ್ದ, ಆಮೇಲೆ ಗಂಡ, ಆಮೇಲೆ ಮಾವ. ಈಗ ಮೂರನೇ ಅಂಕದಲ್ಲಿ ಪತ್ರ ತಂದುಕೊಡುವ ಆಳು. ಯಾವುದೋ ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಕ್ಕೆ ಬ್ರೆಡ್ಡಿನಂಗಡಿಯವಳು ಇವತ್ತಿಗೂ, "ಏನ್ ಸಾಹೇಬ್ರೆ, ಕಳ್ಳ ಸಿಕ್ಕಿದ್ನಾ?" ಎಂದು ಕೇಳುತ್ತಾಳೆ.

"ಅಳಬೇಡಿ," ಅಂದಳು ಸೊಲಾಂಜ್, ತಾನೇ ಅಳುತ್ತ.

"ಅಳೋದೇನೇ? ನಂಗೆ ನಿದ್ದೆ ಬರ್ತಿದೆ ಕಣೆ." ಅವನ ಭುಜಗಳು ತಾವಾಗಿ ಇಳಿದಿದ್ದವು. "ಕಡಲ ದಡದಲ್ಲಿ ನಮ್ಮಕ್ಕನ ಮನೆ ಇದೆ. ಅವಳು ಎಂಟು ಗಂಟೆಗೆ ಸೂಪು ಕುಡಿದು ಮಲಗ್ತಾಳೆ. ದಿನಾ! ನಾನು ಎಂಟು ಗಂಟೆಗೆ ಮನೇಲಿ ಕೂತು ಎಷ್ಟು ವರ್ಷ ಆಯ್ತು ಹೇಳು?"

ಬಣ್ಣದ ಡಬ್ಬ, ಬ್ರಷ್ಷು, ಹರಿದ ಟವೆಲು, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಮುಚ್ಚಿದ. ಪರದೆಯ ಹಿಂದೆ ಕೋಲಿನಿಂದ ಮೂರು ಸಲ ನೆಲ ಬಡಿದರು. ಮಧ್ಯಾಹ್ನದ ಆಟ ಶುರುವಾಯಿತು. ತನ್ನ ಸರದಿ ಬಂದಾಗ ಎವಾರಿಸ್ತ್ ಅವಸರವಿಲ್ಲದೆ ಹೋದ, ಎರಡು ಕೈಯಲ್ಲೂ ಪತ್ರ ಹಿಡಿದು ಕೊಟ್ಟ, ಅವಸರವಿಲ್ಲದೆ ಬಂದ.

ಆಟ ಮುಗಿದದ್ದೇ ತಡ, ತಿಬೋ ಕೋಣೆಗೆ ನುಗ್ಗಿದ. "ಎಂಥಾ ನಡಿಗೆ ಎವಾರಿಸ್ತ್! ಆ ಸುಸ್ತು ಇದ್ಯಲ್ಲ, ಅದನ್ನ ಯಾರ ಹತ್ರ ಕಲಿತ್ರಿ? ಮುಂದಿನ ವರ್ಷ ಮುದಿ ರಾಜನ ಪಾತ್ರ ನಿಮ್ಮದೇ. ಮೂರೂ ಅಂಕ ರಂಗದ ಮೇಲೇ ಇರ್ತೀರಿ, ಕೂರೋ ಹಾಗೇ ಇಲ್ಲ! ಅಂದ ಹಾಗೆ ಹೂವು ಹಿಡಿಸ್ತಾ? ನಮ್ಮಮ್ಮನ ಅಂಗಡೀದು. ಎಲ್ಲರ ಕೋಣೇಲೂ ಇಟ್ಟಿದೀನಿ, ಯಾಕೋ ಯಾರೂ ನನ್ನ ಮುಖಾನೇ ನೋಡ್ತಿಲ್ಲ."

ಸೊಲಾಂಜ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿ ನಕ್ಕುಬಿಟ್ಟಳು.

ಎವಾರಿಸ್ತ್ ನಗಲಿಲ್ಲ. 'ಒಲ್ಲೆ' ಎಂದು ಅವನು ಯಾವ ಯಜಮಾನನಿಗೂ ಹೇಳಿದವನಲ್ಲ. ಎದ್ದು, ಲೋಟದಿಂದ ಹೂವಿನ ಕಟ್ಟು ತೆಗೆದ. ಕಾಂಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರನೇ ಅಂಕದ ಪತ್ರದ ಹಾಗೆ ಎರಡು ಕೈಯಲ್ಲೂ ಹಿಡಿದು ತಿಬೋಗೆ ಕೊಟ್ಟ.

"ಇದು ನನ್ನ ಕಡೆಯಿಂದ, ನಿಮಗೆ."

ಸೊಲಾಂಜಳ ನಗು ನಿಂತಿತು.

"ಛೇ, ನನಗೇನಾ! ಎಷ್ಟು ದೊಡ್ಡ ಮನಸ್ಸು ನಿಮ್ಮದು!" ತಿಬೋ ಹೂವನ್ನು ಮೂಗಿಗೆ ಹಿಡಿದ. ಆಮೇಲೆ ಒಂದನ್ನು ಕಿತ್ತು ಎವಾರಿಸ್ತನ ಕೋಟಿನ ಗುಂಡಿಗೆ ಸಿಕ್ಕಿಸಿ, ಅವನ ಬೆನ್ನು ತಟ್ಟಿದ. "ಮಂಗಳವಾರ ಹತ್ತಕ್ಕೆ ತಾಲೀಮು. ಮರೀಬೇಡಿ."

ಬಾಗಿಲು ಮುಚ್ಚಿಕೊಂಡಿತು. ಎವಾರಿಸ್ತ್ ತಿರುಗಿ ನೋಡಿದ. ಸೊಲಾಂಜ್ ತಲೆ ಎತ್ತದೆ, ಪೆಟ್ಟಿಗೆಯಿಂದ ಒಂದೊಂದೇ ಡಬ್ಬ ತೆಗೆದು ಮತ್ತೆ ಕನ್ನಡಿಯ ಕೆಳಗೆ ಜೋಡಿಸುತ್ತಿದ್ದಳು.