ಒಟ್ಟಿಗೆ ಹೊಡೆದ ಹತ್ತು ಗಂಟೆ

ನಾಲ್ಕು ದಿನದ ರಜೆ ಮುಗಿಸಿ ಬಂದ ಸೆಕೆಂಡಣ್ಣ ತನ್ನ ಗಡಿಯಾರ ರಿಪೇರಿ ಅಂಗಡಿಯ ಷಟರ್ ಎತ್ತಿದಾಗ, ಪಕ್ಕದ ಹೊಲಿಗೆ ಅಂಗಡಿಯಲ್ಲಿ ಇಬ್ಬರು ನಕಲು ಹೊಡೆದು ಸಿಕ್ಕಿಬೀಳುವ ಮುಂಚಿನ ಮುಖ ಹೊತ್ತು ಕೂತಿದ್ದರು. ಒಬ್ಬ ಟೈಲರ್. ಇನ್ನೊಬ್ಬ ಎದುರಿನ ಕ್ಲಿನಿಕ್ಕಿನ ಕಂಪೌಂಡರ್. ಇಬ್ಬರಿಗೂ ಐವತ್ತು ದಾಟಿತ್ತು. ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು.

ಆಗಿದ್ದಿಷ್ಟು. ರಜೆಯ ಮೊದಲ ದಿನವೇ ಹೊತ್ತು ಹೋಗದೆ, ಟೈಲರನ ಹತ್ತಿರ ಸೆಕೆಂಡಣ್ಣ ನಂಬಿಕೆಯಿಂದ ಬಿಟ್ಟುಹೋಗಿದ್ದ ಬೀಗದ ಕೈ ತೆಗೆದುಕೊಂಡು ಇಬ್ಬರೂ ಅಂಗಡಿಯೊಳಗೆ ನುಗ್ಗಿದ್ದರು. ರಿಪೇರಿಯಾಗಿ ಗೋಡೆಯ ಮೇಲೆ ಓಡುತ್ತಿದ್ದ ಹದಿನಾಲ್ಕು ಗಡಿಯಾರಗಳ ಮುಳ್ಳುಗಳನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿ ಬಂದಿದ್ದರು. ಟೀಗೆ ಬಂದವರಿಗೆ ‘ನಲವತ್ತು ಸೆಕೆಂಡ್ ತಡ’ ಎಂದು ಲೆಕ್ಕ ಒಪ್ಪಿಸುವ ಮನುಷ್ಯನಿಗೆ ತಕ್ಕ ಶಾಸ್ತಿ ಎಂದು ಮೂರು ದಿನ ನಕ್ಕಿದ್ದೇ ನಕ್ಕಿದ್ದು. ನಾಲ್ಕನೆಯ ದಿನ ಟೈಲರನ ಹೆಂಡತಿಗೆ ವಿಷಯ ಗೊತ್ತಾಯಿತು. ಊರವರ ವಸ್ತು, ಒಂದು ಕೆಟ್ಟರೂ ಹೋಗುವುದು ಅಣ್ಣನ ಹೆಸರು ಎಂದು ಆಕೆ ಇಬ್ಬರನ್ನೂ ಸೇರಿಸಿ ನೀರಿಳಿಸಿದಳು. ಅವತ್ತೇ ಸಂಜೆ ಕಂಪೌಂಡರ್ ಸ್ಟೂಲ್ ಹತ್ತಿ, ಟೈಲರ್ ಕೆಳಗೆ ಫೋನ್ ಹಿಡಿದು ನಿಂತು, ಎರಡು ಗಂಟೆ ಕಾಲ ಒಂದೊಂದನ್ನೂ ಸೆಕೆಂಡಿಗೆ ಸರಿಯಾಗಿ ಕೂರಿಸಿದರು. ಆ ಶ್ರದ್ಧೆಯ ಕಾಲು ಪಾಲು ಹೊಲಿಗೆಯಲ್ಲಿದ್ದಿದ್ದರೆ ಟೈಲರನ ಗಿರಾಕಿಗಳ ಅಂಗಿಗೆ ಎರಡು ತೋಳೂ ಒಂದೇ ಉದ್ದ ಇರುತ್ತಿದ್ದವು.

“ಸದ್ದೇ ಇಲ್ಲ. ಗೊತ್ತಾಯ್ತು ಅನ್ಸುತ್ತೆ ಕಣೋ,” ಎಂದ ಕಂಪೌಂಡರ್.

“ಗೊತ್ತಾಗಿದ್ರೆ ಇಷ್ಟೊತ್ತಿಗೆ ನನ್ನ ಕತ್ತರಿ ನಿನ್ನ ಕುತ್ತಿಗೆ ಮೇಲಿರ್ತಿತ್ತು. ಸುಮ್ನೆ ಕೂತ್ಕೋ.”

ಅಷ್ಟರಲ್ಲಿ ಹತ್ತು ಗಂಟೆಯಾಯಿತು. ಆ ಅಂಗಡಿಯ ಹತ್ತು ಗಂಟೆ ಬೀದಿಗೆಲ್ಲ ಗೊತ್ತಿದ್ದದ್ದೇ: ಒಂದು ಗಡಿಯಾರ ಶುರು ಮಾಡಿದರೆ ಇನ್ನೊಂದಕ್ಕೆ ನೆನಪಾಗಿ, ಮತ್ತೊಂದಕ್ಕೆ ನಾಚಿಕೆಯಾಗಿ, ಕೊನೆಯದು ಮುಗಿಸುವ ಹೊತ್ತಿಗೆ ನಾಲ್ಕು ನಿಮಿಷ ದಾಟಿರುತ್ತಿತ್ತು. ಇವತ್ತು ಹದಿನಾಲ್ಕೂ ಒಂದೇ ಏಟಿಗೆ ಹೊಡೆದವು, ಹತ್ತು ಸಲ. ಹೊಲಿಗೆ ಯಂತ್ರದ ಮೇಲಿದ್ದ ಸೂಜಿಡಬ್ಬಿ ಕೂಡ ಗಡಗಡ ಎಂದಿತು.

ಸ್ವಲ್ಪ ಹೊತ್ತಿಗೆ ಸೆಕೆಂಡಣ್ಣ ಮೂರು ಲೋಟ ಟೀ ಹಿಡಿದು ಬಂದ. ಬೈಗುಳ ಇರಲಿ, ತಡವಾದ ಸೆಕೆಂಡುಗಳ ಲೆಕ್ಕವೂ ಇಲ್ಲ. ರಜೆ ಹೇಗಿತ್ತು ಎಂದು ಕೇಳಿದ್ದಕ್ಕೆ, ಮಗಳ ಮನೆಯಲ್ಲಿ ಅಳಿಯ ಮರ್ಯಾದೆ ಕೊಟ್ಟು ಕೊಟ್ಟು ಸುಸ್ತು ಮಾಡಿಬಿಟ್ಟ, ಏಳಲು ಹೋದರೆ ಕೂತ್ಕೊಳ್ಳಿ ಮಾವ, ಕೂತರೆ ಮಲಕ್ಕೊಳ್ಳಿ ಮಾವ, ಇನ್ನೆರಡು ದಿನ ಇದ್ದಿದ್ದರೆ ಎತ್ತಿಕೊಂಡೇ ಹೋಗುತ್ತಿದ್ದ ಎಂದ. ಹೇಳುತ್ತ ಹೇಳುತ್ತ ಲೋಟ ನಡುಗಿ ಅರ್ಧ ಟೀ ನೆಲಕ್ಕೆ ಹೋಯಿತು. ಆರು ತಿಂಗಳಿಂದ ಹೀಗೇ. ಅಣ್ಣನಿಗೆ ಅರ್ಧ ಲೋಟವೇ ಸಾಕು, ಮಿಕ್ಕರ್ಧ ಹೇಗೂ ನೆಲ ಕುಡಿಯುತ್ತದೆ ಎಂದು ಕಂಪೌಂಡರ್ ದಿನಾ ಹಾಸ್ಯ ಮಾಡುತ್ತಿದ್ದ. ಟೈಲರನ ಅಪ್ಪನ ಕೈಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳಲು ಶುರುವಾಗಿಯೂ ಆರು ತಿಂಗಳೇ. ಕೊಡು ನೋಡೋಣ ಎಂದು ಅಣ್ಣ ಕೇಳಿದಾಗಲೆಲ್ಲ, ಹೇಳಿದ ದಿನಕ್ಕೆ ಬಟ್ಟೆ ಕೊಡದವನಿಗೆ ಟೈಮ್ ಯಾಕಣ್ಣ ಎಂದು ಟೈಲರ್ ಜಾರಿಕೊಳ್ಳುತ್ತಿದ್ದ. ನಿಜವಾದ ಕಾರಣ ಆ ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು.

“ಹೊಡೆದದ್ದು ಕೇಳಿಸ್ತಾ?” ಎಂದ ಸೆಕೆಂಡಣ್ಣ.

“ಕೇಳಿಸ್ತು,” ಎಂದರು ಇಬ್ಬರೂ. ಗಡಿಯಾರಗಳ ಹಾಗೆ ಅವರೂ ಒಂದೇ ಏಟಿಗೆ.

“ನಿಮಗೆ ಹೇಳಿರಲಿಲ್ಲ. ಈ ಹದಿನಾಲ್ಕೂ ಕೈ ನಡುಗೋಕೆ ಶುರುವಾದ ಮೇಲೆ ಬಿಚ್ಚಿ ಜೋಡಿಸಿದ್ದು. ಎಲ್ಲಕ್ಕೂ ಕೀಲಿ ಕೊಟ್ಟು, ಸರಿ ಟೈಮಿಗೆ ಇಟ್ಟು ಹೋಗಿದ್ದೆ. ವಾಪಸ್ ಬಂದಾಗ ಎಡವಟ್ಟಾಗಿದ್ರೆ ಅಂಗಡಿ ಅಳಿಯನಿಗೆ ಅಂತ ಮಾತಾಗಿತ್ತು. ಫೋನ್ ಕವರ್ ಮಾರ್ತಾನಂತೆ.” ಉಳಿದ ಟೀ ಒಂದೇ ಗುಟುಕಿಗೆ ಮುಗಿಸಿದ. “ನಲವತ್ತು ವರ್ಷದಲ್ಲಿ ಒಂದು ಸಲಾನೂ ಹೀಗೆ ಹೊಡೆದದ್ದಿಲ್ಲ, ಕೈ ಕಲ್ಲಿನ ಹಾಗಿದ್ದಾಗಲೂ. ಈಗಷ್ಟೇ ಅಳಿಯನಿಗೆ ಫೋನ್ ಮಾಡಿ ಹೇಳ್ದೆ, ಬೇರೆ ಜಾಗ ನೋಡ್ಕೊಳ್ಳಪ್ಪಾ ಅಂತ.”

ನಲವತ್ತು ವರ್ಷದಲ್ಲಿ ಆಗದ್ದು ನಾಲ್ಕು ದಿನದಲ್ಲಿ ಹೇಗಾಯಿತು ಎಂದು ಅವನು ಕೇಳಿಕೊಳ್ಳಲಿಲ್ಲ. ಬೇರೆಯವರು ಮಾಡಿದ ರಿಪೇರಿಯಾಗಿದ್ದರೆ ಖಂಡಿತ ಕೇಳುತ್ತಿದ್ದ.

“ಅಣ್ಣ, ಒಂದು ವಿಷಯ...” ಎಂದು ಕಂಪೌಂಡರ್ ಬಾಯಿ ತೆರೆದ. ಟೈಲರ್ ಅವನ ಕಾಲು ತುಳಿದ. ಕಂಪೌಂಡರ್ ಆ ವಿಷಯವನ್ನು ಟೀ ಜೊತೆ ನುಂಗಿದ.

ಸೆಕೆಂಡಣ್ಣ ಟೈಲರನ ಕಡೆ ತಿರುಗಿ ಕೈ ಚಾಚಿದ. “ಈಗ ತೆಗಿ ನಿಮ್ಮಪ್ಪನ ವಾಚು. ಇನ್ನು ಯಾವ ನೆಪ ಹೇಳ್ತೀಯೋ ನೋಡ್ತೀನಿ.”

ಟೈಲರ್ ಕಂಪೌಂಡರನ ಮುಖ ನೋಡಿದ. ಕಂಪೌಂಡರನಿಗೆ ಅದೇ ಹೊತ್ತಿಗೆ ಖಾಲಿ ಲೋಟದ ತಳದಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತು. ನೆಪಗಳನ್ನು ಹೊಲಿಯುವುದರಲ್ಲಿ ಹೆಸರಾಗಿದ್ದ ಟೈಲರನಿಗೆ ಅವತ್ತು ಒಂದು ತುಂಡು ಬಟ್ಟೆಯೂ ಸಿಗಲಿಲ್ಲ. ಪಟ್ಟಿ ಬಿಚ್ಚಿ, ಸವೆದ ಗಾಜನ್ನು ಅಂಗಿಗೆ ಒಮ್ಮೆ ಒರೆಸಿ, ವಾಚನ್ನು ಅಣ್ಣನ ಅಂಗೈಯಲ್ಲಿಟ್ಟ.

ಆ ಅಂಗೈಯಲ್ಲಿ ಸೆಕೆಂಡಿನ ಮುಳ್ಳಿಗಿಂತ ವಾಚೇ ಹೆಚ್ಚು ಅಲುಗುತ್ತಿತ್ತು.